ಹಗಲು ನಿದ್ದೆಯ ಅಭ್ಯಾಸ

ಸಸ್ತಾಪುರ ಬಂಗ್ಲಾದ ಹೆದ್ದಾರಿ ಕ್ರಾಸಿನಲ್ಲಿ ಕಂಪನಿಯ ಬಸ್ಸಿನಿಂದ ಇಳಿದ ಓಂಪ್ರಕಾಶ, ಬಸವಕಲ್ಯಾಣದ ಆಟೋ ಹತ್ತುವ ಮೊದಲು ಎಡ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಐದು ಬೆರಳು. ಕಣ್ಣು ತೆಗೆದು ಎದುರಿನ ಚಹದಂಗಡಿಯ ಬೋರ್ಡು ಓದಿದ, ಮತ್ತೆ ಅಂಗೈ ನೋಡಿದ, ಮತ್ತೆ ಬೋರ್ಡು. ಬೆರಳು ಹೆಚ್ಚಾಗಿರಲಿಲ್ಲ, ಬೋರ್ಡಿನ ಅಕ್ಷರ ಕದಲಿರಲಿಲ್ಲ. ಅಂದರೆ ಇದು ಎಚ್ಚರ. ಎಚ್ಚರವೆಂದು ಖಾತ್ರಿಯಾದಾಗಲೆಲ್ಲ ಅವನಿಗೆ ಸಣ್ಣ ನಿರಾಶೆಯಾಗುತ್ತಿತ್ತು, ಕರೆದ ಮನೆಗೆ ಹೋದರೆ ಬಾಗಿಲಿಗೆ ಬೀಗ ಹಾಕಿದ್ದನ್ನು ಕಂಡ ಹಾಗೆ. ಆಟೋದೊಳಗೆ ಆಗಲೇ ಕೂತಿದ್ದ ದೂರದ ಸಂಬಂಧದ ಬಸವಣಪ್ಪ ಕಾಕಾ ಇದನ್ನೆಲ್ಲ ನೋಡುತ್ತಿದ್ದರು. "ಶರಣಾರ್ಥಿ ಓಂಪ್ರಕಾಶ. ಪೂಜಾ ರಸ್ತೆದಾಗೂ ನಡದದಲ್ಲ! ಮಾಣಿಕಪ್ಪನ ಗುಣ ಬಂತು ನೋಡು. ಅಪ್ಪ ಹೋದ ಮ್ಯಾಲ ಮಗ ಸುಧಾರಿಸೂದು ಭಾಳ ಕಡಿಮಿ," ಎಂದು ಪಕ್ಕದವರಿಗೂ ಕೇಳುವಂತೆ ಅಂದರು. ಓಂಪ್ರಕಾಶ ಅಂಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿದ. ಈ ಕೆಲವು ತಿಂಗಳಲ್ಲಿ ಊರೆಲ್ಲ ಅವನನ್ನು ಭಕ್ತನನ್ನಾಗಿ ಮಾಡಿಬಿಟ್ಟಿತ್ತು. ನಲವತ್ತು ದಾಟಿದ ಮನುಷ್ಯ ಹೊತ್ತಿಲ್ಲದ ಹೊತ್ತಿನಲ್ಲಿ ಬರಿಗೈ ನೋಡುತ್ತ ನಿಂತರೆ ಬೇರೆ ಊರಿನಲ್ಲಿ ಹುಚ್ಚ ಅಂದಾರು. ಕಲ್ಯಾಣದಲ್ಲಿ ಕೈ ಮುಗಿಯುತ್ತಾರೆ. ಹಾಗೆ ಮುಗಿದ ಕೈಗಳಿಗೆ ಪ್ರತಿಯಾಗಿ ಮುಗಿಯುವಾಗ ಅವನಿಗೆ ಕಳ್ಳಮಾಲು ಸಾಗಿಸುವವನ ಅಳುಕು ಹುಟ್ಟುತ್ತಿತ್ತು.

ಅಂಗೈ ನೋಡುವುದನ್ನು ಕಲಿಸಿದ್ದು ಯಾವ ಸ್ವಾಮಿಯೂ ಅಲ್ಲ, ಹುಮನಾಬಾದಿನ ಔಷಧ ಕಂಪನಿಯಲ್ಲಿ ಅವನ ಜೊತೆ ಪುಡಿ ಒಣಗಿಸುವ ಡ್ರೈಯರ್ ಮೇಲೆ ಕೆಲಸ ಮಾಡುವ ಘಾಟಬೋರಾಳದ ಸಂಘರತ್ನ. ಅಪ್ಪ ತೀರಿಕೊಂಡ ಮೇಲೆ ಕೆಟ್ಟ ಕನಸು ಬೀಳುತ್ತವೆ ಎಂದಷ್ಟೇ ಓಂಪ್ರಕಾಶ ಕ್ಯಾಂಟೀನಿನಲ್ಲಿ ಅಂದಿದ್ದ. ಸಂಘರತ್ನನಿಗೂ ಒಂದು ಕಾಲಕ್ಕೆ ಬಾವಿಗೆ ಬೀಳುವ ಕನಸು ಬೆನ್ನು ಹತ್ತಿತ್ತಂತೆ. ಮೊಬೈಲಿನಲ್ಲಿ ಯಾವುದೋ ಹಿಂದಿ ವಿಡಿಯೊ ನೋಡಿ ಕಲಿತು, ಬೀಳುವಾಗಲೇ ಇದು ಕನಸೆಂದು ಗುರುತು ಹಿಡಿದು, ಬಾವಿಯೊಳಗೇ ಈಜಿ ಮೇಲೆ ಬಂದನಂತೆ. "ಕನಸಿನ್ಯಾಗ ಇದು ಕನಸು ಅಂತ ಗೊತ್ತಾದ್ರ ಮುಗೀತಣ್ಣಾ. ಮುಂದ ಎಲ್ಲಾ ನಿಮ್ಮ ಕೈಯಾಗ. ಹಾರತೇನಿ ಅಂದ್ರ ಹಾರ್ರಿ, ಯಾರಿಗಿ ಕರೀತೇನಿ ಅಂದ್ರ ಕರೀರಿ," ಅಂದ. "ಸತ್ತೋರಿಗಿ?" ಎಂದು ಓಂಪ್ರಕಾಶ ಚಹದ ಲೋಟ ನೋಡುತ್ತ ಕೇಳಿದ. "ಸತ್ತೋರು ಲಗೂನ ಬರ್ತಾರ. ಅವರಿಗೇನು ಡ್ಯೂಟಿ ಅದ?" ಎಂದು ಸಂಘರತ್ನ ನಕ್ಕು, ಪಾಠ ಶುರು ಮಾಡಿದ. ಹಗಲೆಲ್ಲ ಆಗಾಗ ಅಂಗೈ ನೋಡಿ, ಇದು ಕನಸೋ ಎಂದು ಮನಸ್ಸಿಟ್ಟು ಕೇಳಿಕೊಳ್ಳಬೇಕು. ಬಾಯಿಪಾಠದ ಹಾಗೆ ಕೇಳಿದರೆ ನಡೆಯುವುದಿಲ್ಲ, ಖರೇನೇ ಅನುಮಾನ ಬರಬೇಕು. ರೂಢಿಯಾದರೆ ಕನಸಿನೊಳಗೂ ಕೈ ನೋಡಿಕೊಳ್ಳುತ್ತೇವೆ. ಅಲ್ಲಿ ಕೈ ನೆಟ್ಟಗಿರುವುದಿಲ್ಲ, ಏನಾದರೊಂದು ಬೇರೆಯಾಗಿರುತ್ತದೆ, ಅದೇ ಗುರುತು. ಒಮ್ಮೆ ಮಲಗಿ ಎದ್ದು, ಸ್ವಲ್ಪ ಹೊತ್ತು ಕೂತು ಮತ್ತೆ ಮಲಗಿದರೆ ಆ ಎರಡನೆಯ ನಿದ್ದೆಯಲ್ಲಿ ಬೇಗ ಸಿಗುತ್ತದೆ. ಕನಸು ತೆಳ್ಳಗಾಗತೊಡಗಿದರೆ ಅಂಗೈ ಅಂಗೈ ಉಜ್ಜಬೇಕು. ಖುಷಿಯಾಗಬಾರದು, ಖುಷಿಯಾದರೆ ಎಚ್ಚರಾಗಿಬಿಡುತ್ತದೆ. ಎಚ್ಚರಾದ ಮೇಲೆ ಮೈ ಅಲುಗಿಸದೆ ಬಿದ್ದುಕೊಂಡು, ಕಂಡದ್ದನ್ನೆಲ್ಲ ತುದಿಯಿಂದ ಬುಡದವರೆಗೆ ನೆನಪು ಮಾಡಿಕೊಳ್ಳಬೇಕು. ನೆನಪಿಡುವವನಿಗೇ ಕನಸು ಒಲಿಯುವುದು. ಓಂಪ್ರಕಾಶ ಹುಡುಗನಿದ್ದಾಗ ಲೆಕ್ಕದ ಮಾಸ್ತರರ ಪಾಠವನ್ನೂ ಇಷ್ಟು ಲಕ್ಷ್ಯವಿಟ್ಟು ಕೇಳಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಜಯಮಾಲಾ ಸ್ಕೂಲಿಗೆ ಹೊರಟು ನಿಂತಿದ್ದಳು. ಅವಳು ಖಾಸಗಿ ಶಾಲೆಯೊಂದರಲ್ಲಿ ಮೂರನೆಯ ಕ್ಲಾಸಿನ ಟೀಚರ್. ಗಂಡ ರಾತ್ರಿ ಪಾಳಿ ಮುಗಿಸಿ ಬರುವುದು, ಹೆಂಡತಿ ಹೊರಡುವುದು, ಹೊಸ್ತಿಲಲ್ಲಿ ಭೇಟಿ. "ಜಳಕಕ್ಕ ನೀರು ಕಾದಾವ್ರಿ. ಲಗೂ ಪೂಜಾ ಮುಗಿಸಿ ಉಣ್ರಿ. ಅತ್ತಿ ನಿಮ್ಮ ದಾರಿ ಕಾದು ಕಾದು ತಾವೂ ಉಂಡಿಲ್ಲ," ಅಂದವಳು ಚಪ್ಪಲಿ ಮೆಟ್ಟುತ್ತ ಅವನ ಕೈ ಕಡೆ ನೋಡಿ ನಕ್ಕಳು. "ಮೊದಲ ನನ್ನ ಕೈ ಹಿಡಕೊಂಡು ಕೂಡ್ತಿದ್ರಿ. ಈಗ ನಿಮ್ಮ ಕೈ ನೀವೇ ಹಿಡಕೊಂಡು ಕೂಡಾಕತ್ತೀರಿ." ಚೇಷ್ಟೆಗೆ ಅಂದದ್ದೇ, ಆದರೆ ಅದರಲ್ಲಿ ನೋವಿತ್ತು. ಅವನಿಗೂ ಅದು ತಿಳಿಯಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳ ಆಟೋ ಹಾರ್ನ್ ಹೊಡೆಯಿತು. ಇವಳಿಗೆ ಹೇಳಿಬಿಟ್ಟರೆ ಹೇಗೆ ಎಂದು ಅವನಿಗೆ ದಿನಾ ಅನ್ನಿಸುತ್ತಿತ್ತು, ದಿನಾ ಅವಳು ಆಟೋ ಹತ್ತಿ ಹೋಗುತ್ತಿದ್ದಳು.

ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಕೋಣೆಯ ಜಗಲಿಯ ಮುಂದೆ ಕೂತು ಬೆಳ್ಳಿಯ ಕರಡಿಗೆಯನ್ನು ತೆರೆದ. ಅರಿವೆ ಬಿಡಿಸಿ ಒಳಗಿನ ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡ. ಒಂದು ಬದಿಯಲ್ಲಿ ಮೇಲಿನ ಕಪ್ಪು ಲೇಪ, ಕಂತಿ, ಸವೆದು ಒರಟಾಗಿತ್ತು. ಬುಡದ ಹತ್ತಿರ ಹೆಬ್ಬೆರಳು ಕೂತು ಕೂತು ಸಣ್ಣ ತಗ್ಗಾಗಿತ್ತು. ಅವನ ಹೆಬ್ಬೆರಳು ಅಲ್ಲಿ ಕೂಡುತ್ತಿರಲಿಲ್ಲ. ಅದು ಅವನ ಅಪ್ಪನ ಲಿಂಗ. ಅವನದು, ಹುಟ್ಟಿದಾಗ ಅಯ್ಯನವರು ಕಟ್ಟಿದ್ದು, ಸಾಯುವ ತನಕ ಮೈಮೇಲಿದ್ದು ಸತ್ತ ಮೇಲೆ ಮೈಯ ಜೊತೆಗೇ ಮಣ್ಣಿಗೆ ಹೋಗಬೇಕಾದದ್ದು, ಅದು ಆಗಲೇ ಹೋಗಿತ್ತು. ಮೋರಖಂಡಿಯ ಹೊಲದಲ್ಲಿ, ಬೋರಿನ ಪಕ್ಕ, ಕೂತ ಭಂಗಿಯಲ್ಲಿ ಮಣ್ಣಾಗುತ್ತಿರುವ ಅಪ್ಪನ ಎಡಗೈಯೊಳಗೆ ಅದು ಇತ್ತು.

ಕಂಪನಿಯ ನಿಯಮವೇ ಇದಕ್ಕೆ ಮೂಲ ಎಂದು ಅವನು ಮೊದಮೊದಲು ತನಗೆ ತಾನೇ ವಾದಿಸಿದ್ದ. ಔಷಧದ ಪುಡಿಯ ಚೀಲ ಬಿಚ್ಚುವ ಕೋಣೆಗೆ ಹೋಗುವವರು ಉಂಗುರ, ದಾರ, ತಾಯಿತ ಏನನ್ನೂ ಹಾಕಿಕೊಳ್ಳುವಂತಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ತನಗಿಂತ ಚಿಕ್ಕ ವಯಸ್ಸಿನ ಸೂಪರ್‌ವೈಸರ್ ಅವನ ಕೊರಳಿನ ಶಿವದಾರವನ್ನು ಪೆನ್ನಿನ ತುದಿಯಿಂದ ಎತ್ತಿ, "ಯೇ ಕ್ಯಾ ಲಟಕಾಯಾ?", ಇದೇನು ಜೋತು ಬಿಟ್ಟುಕೊಂಡಿದ್ದೀ, ಎಂದು ಎಲ್ಲರೆದುರು ಕೇಳಿದ್ದ. ಮೈಯೆಲ್ಲ ಬೆಂಕಿ ಬಿದ್ದಂತಾಗಿ, ಸಿಟ್ಟು ಬರಬೇಕಾದಲ್ಲಿ ನಗು ಬಂದಿತ್ತು. ಆ ನಗುವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಮರುದಿನದಿಂದ ಕರಡಿಗೆಯನ್ನು ಮನೆಯ ಜಗಲಿಯ ಮೇಲೆ ಬಿಟ್ಟು ಹೋಗತೊಡಗಿದ. ಮೊದಲು ಪಾಳಿಯ ಹೊತ್ತಿಗೆ ಮಾತ್ರ, ಆಮೇಲೆ ರಜೆಯ ದಿನವೂ ಅಲ್ಲೇ. ಅಪ್ಪ ಕೊನೆಗೆ ಹಾಸಿಗೆ ಹಿಡಿದು, ಎದೆಯ ಚರ್ಮ ಹುಣ್ಣಾಗಿ, ದಾರ ತಾಳದ ಹಾಗಾದಾಗ ಅಪ್ಪನ ಕರಡಿಗೆಯೂ ಜಗಲಿಗೆ ಬಂತು. ಎರಡೂ ಒಂದೇ ಅಕ್ಕಸಾಲಿ ಮಾಡಿದ್ದು, ಅಜ್ಜಿಯ ಕಾಲ್ಗಡಗ ಕರಗಿಸಿ. ಅಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ತೆರೆದೇ ನೋಡಬೇಕು. ಅಪ್ಪ ತೀರಿಕೊಂಡ ಬೆಳಿಗ್ಗೆ ಹೊರಗೆ ಹೆಂಗಸರು ಅಳುತ್ತಿದ್ದರು, ಭಜನೆಯವರು ತಾಳ ತಟ್ಟುತ್ತಿದ್ದರು, ಅಯ್ಯನವರು "ಲಿಂಗ ತರ್ರಿ" ಎಂದು ಪಡಸಾಲೆಯಿಂದ ಕೂಗಿದರು. ಅವನು ಮಬ್ಬಿನಲ್ಲಿ ಜಗಲಿಗೆ ಕೈಹಾಕಿದ್ದು ನೆನಪಿದೆ, ಕರಡಿಗೆ ಕೈಯಲ್ಲಿ ಹಿಡಿದು ಹೊರಗೆ ಬಂದದ್ದು ನೆನಪಿದೆ. ಕುಣಿಯೊಳಗೆ ತಾನೇ ಇಳಿದಿದ್ದ. ಅಯ್ಯನವರು ಕರಡಿಗೆ ತೆರೆದು ಲಿಂಗವನ್ನು ಅಪ್ಪನ ಅಂಗೈಯ ಮೇಲಿಟ್ಟರು, ಬೆರಳು ಮಡಚಲಿಲ್ಲ, ದಾರ ಸುತ್ತಿ ಬಿಗಿದರು. ಓಂಪ್ರಕಾಶ ಅಷ್ಟು ಹತ್ತಿರದಿಂದ ನೋಡುತ್ತಿದ್ದ, ನುಣ್ಣಗಿನ ಕಪ್ಪು ಲಿಂಗ, ಕಂತಿ ಒಂದಿಷ್ಟೂ ಸವೆದಿಲ್ಲ. ನೋಡಿದರೂ ಅದು ತನ್ನದೆಂದು ಹೊಳೆಯಲಿಲ್ಲ. ಮೇಲೆ ವಿಭೂತಿ ಬಿತ್ತು, ಬಿಲ್ವಪತ್ರೆ ಬಿತ್ತು, ಮಣ್ಣು ಬಿತ್ತು.

ಹೊಳೆದದ್ದು ಶಿವಗಣಾರಾಧನೆಯೆಲ್ಲ ಮುಗಿದು, ನೆಂಟರು ಹೋಗಿ, ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಅಪ್ಪನ ನೆನಪಾಗಿ ಪೂಜೆಗೆ ಕೂತಾಗ. ಹೆಬ್ಬೆರಳಿಗೆ ತಗ್ಗು ಸಿಕ್ಕಿತು. ಗುರುತು ಹಿಡಿದದ್ದೂ ತನ್ನದನ್ನಲ್ಲ, ಅಪ್ಪನದನ್ನು. ಅಪ್ಪನದರ ಮೇಲೆ ಅಪ್ಪನ ಗುರುತಿತ್ತು, ತನ್ನದರ ಮೇಲೆ ತನ್ನ ಗುರುತೇ ಇರಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಅದಲುಬದಲಾದರೂ ಹೆಂಗಸರು ಮನೆ ಮುಟ್ಟುವುದರೊಳಗೆ ಪತ್ತೆ ಹಚ್ಚುತ್ತಾರೆ. ಎದೆಯ ಮೇಲೆ ಇರಬೇಕಾದದ್ದು ಕಣ್ಣೆದುರೇ ಮಣ್ಣಿಗೆ ಹೋದರೂ ತಿಳಿಯದವನು ಎಂಥ ಮನುಷ್ಯ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು 'ಮಾಣಿಕಪ್ಪನವರು ಲಿಂಗೈಕ್ಯರಾದರು' ಎಂದು. ಯಾರ ಲಿಂಗದಲ್ಲಿ? ಬದುಕಿಡೀ ಬೆಳಗಾದರೆ ಕಣ್ಣು ಮಿಟುಕಿಸದೆ ಅಂಗೈ ನೋಡುತ್ತ ಕೂತ ಮನುಷ್ಯ, ಕೊನೆಗೆ ಹಿಡಿದುಕೊಂಡು ಹೋದದ್ದು ಪೂಜೆ ಕಾಣದ ಕಲ್ಲನ್ನು. ಅಯ್ಯನವರಿಗೆ ಹೇಳಿದರೆ ಅವನಿಗೆ ಹೊಸ ಲಿಂಗ ಕಟ್ಟಿಯಾರು. ಆದರೆ ಅಪ್ಪನಿಗೆ? ಮಣ್ಣು ಕೊಟ್ಟ ಕುಣಿಯನ್ನು ಯಾರೂ ಅಗೆಯುವುದಿಲ್ಲ, ಅಗೆಯುವ ಮಾತನ್ನೂ ಆಡುವುದಿಲ್ಲ. ಹೇಳಿದರೆ ಊರು ಒಂದೇ ಕ್ಷಣದಲ್ಲಿ ಲೆಕ್ಕ ಹಾಕುತ್ತದೆ: ಮಗ ತನ್ನದನ್ನು ಹಾಕಿಕೊಳ್ಳುತ್ತಲೇ ಇರಲಿಲ್ಲ. ಅವ್ವ ಏನಂದಾಳು? ಅವನು ಹೇಳಲಿಲ್ಲ. ಆ ದಿನದಿಂದ ತನ್ನ ಅರ್ಧ ಭಾಗ ಕುಣಿಯಲ್ಲಿ ಕೂತಿದೆ ಎಂಬ ಭಾವ ಅವನನ್ನು ಬಿಡಲಿಲ್ಲ. ಊಟದ ಮುಂದೆ ಕೂತಾಗ ಬಾಯಿಗೆ ಮಣ್ಣಿನ ರುಚಿ ಬರುತ್ತಿತ್ತು, ಜಯಮಾಲಾಳ ಪಕ್ಕ ಮಲಗಿದಾಗ ಮೈ ತಣ್ಣಗಿರುತ್ತಿತ್ತು.

ಅಪ್ಪ ಬಂದು ಹೋಗುವ ಕನಸು ಬೀಳತೊಡಗಿದ್ದು ಆಮೇಲೆ. ಕನಸಿನಲ್ಲಿ ಮಾತ್ರ ಅವನ ಅಂಗೈಯಲ್ಲಿ ಅವನದೇ ಲಿಂಗ ಇರುತ್ತಿತ್ತು, ನುಣ್ಣಗೆ, ಕಪ್ಪಗೆ. ಸಂಘರತ್ನ ಗುರುತಿನ ಮಾತು ಹೇಳಿದ ದಿನವೇ ಓಂಪ್ರಕಾಶನಿಗೆ ತನ್ನ ಗುರುತು ಯಾವುದೆಂದು ಗೊತ್ತಾಗಿಹೋಯಿತು. ಬೇರೆಯವರು ಬೆರಳು ಎಣಿಸಬೇಕು. ಅವನು ನೋಡಬೇಕಾದದ್ದು ಇಷ್ಟೇ: ಕೈಯಲ್ಲಿ ಅಪ್ಪನದಿದ್ದರೆ ಎಚ್ಚರ, ತನ್ನದಿದ್ದರೆ ಕನಸು. ಮನೆಯಲ್ಲಿ ಲಿಂಗ ಹಿಡಿದು, ಹೊರಗೆ ಬರಿಗೈ ಹಿಡಿದು, ಅಭ್ಯಾಸ ನಡೆಸಿದ. ಕನಸಿನೊಳಗೆ ಎಚ್ಚರಾದ ಗಳಿಗೆಯಲ್ಲಿ ಮೋರಖಂಡಿಗೆ ಹೋಗಬೇಕು, ಅಪ್ಪನ ಬೆರಳು ಬಿಡಿಸಿ ತನ್ನದನ್ನು ತೆಗೆದುಕೊಂಡು ಅಪ್ಪನದನ್ನು ಇಡಬೇಕು, ತಪ್ಪಾಯಿತು ಅನ್ನಬೇಕು, ಅಪ್ಪ ಏನನ್ನುತ್ತಾನೋ ಕೇಳಬೇಕು. ಅದೊಂದು ಮಾತು ಸಿಕ್ಕರೆ ಕುಣಿಯಿಂದ ಹೊರಗೆ ಬಂದೇನು ಎಂದು ಅವನು ನಂಬಿದ್ದ. ಅದು ಬರೀ ಕನಸು ಎನ್ನುವುದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಎಚ್ಚರದಲ್ಲಿ ಮಾಡಲು ದಾರಿಯಿಲ್ಲದವನು ಮತ್ತೆಲ್ಲಿಗೆ ಹೋಗಬೇಕು?

ಊಟಕ್ಕೆ ಅವ್ವ ಸುಂದರಬಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನು ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡೇ ಉಂಡು, ಹಾಕಿಕೊಂಡೇ ಒಳಕೋಣೆಯ ಕಾಟಿನ ಮೇಲೆ ಉರುಳಿದ. "ಬಿಚ್ಚಿಟ್ಟು ಮಲಗೋ ತಮ್ಮಾ. ಹೊಳ್ಳಾಡಿದ್ರ ಎದಿಗಿ ಒತ್ತತದ," ಎಂದು ಅವ್ವ ಬಾಗಿಲಲ್ಲಿ ನಿಂತು ಅಂದಳು. ಈಚೆಗೆ ದಿನಾ ಅನ್ನುತ್ತಿದ್ದಳು. "ಇರ್ಲಿ ಅವ್ವಾ." "ಜಗಲಿ ಮ್ಯಾಲ ಇಟ್ರ ನಾ ನೋಡ್ಕೋತೀನಿ." "ಇರ್ಲಿ ಬಿಡು ಅಂದೆ!" ದನಿ ಜೋರಾಯಿತು. ಅವಳು ಕಿಟಕಿಯ ಪರದೆ ಎಳೆದು ಹೋದಳು. ಬಾಳಂತಿಯಂತೆ ಹಗಲು ಮಲಗುವ ಗಂಡಸಿನ ಬಗ್ಗೆ ಅವಳಿಗೆ ಮೊದಲಿನಿಂದಲೂ ಒಂದು ಅಸಮಾಧಾನ ಇತ್ತು. ಮೇಲೆ ತಗಡು ಕಾಯುತ್ತಿತ್ತು, ಕೂಲರ್ ಕೊರಗುಟ್ಟುತ್ತಿತ್ತು, ಓಣಿಯಲ್ಲಿ ಯಾರೋ ಹಳೇ ಕಬ್ಬಿಣಕ್ಕೆ ಕೂಗುತ್ತ ಹೋದರು. ಮೊದಲನೆಯ ನಿದ್ದೆ ಕಲ್ಲಿನ ಹಾಗೆ ಬಂತು. ಎದ್ದು ಗಡಿಗೆಯ ನೀರು ಕುಡಿದು, ಕಾಟಿನ ಮೇಲೆ ಗೋಡೆಗೊರಗಿ ಕೂತು, ಕರಡಿಗೆ ತೆರೆದು ಸವೆದ ಲಿಂಗವನ್ನು ನೋಡಿದ. ಅಪ್ಪನೆದುರು ಕೂತು ಹೀಗೇ ನೋಡಬೇಕಿತ್ತು, ಚಿಕ್ಕವನಿದ್ದಾಗ. ಅಪ್ಪ ಅಷ್ಟು ಹೊತ್ತು ಏನು ನೋಡುತ್ತಾನೆ ಎಂದು ತಿಳಿಯದೆ ಅಪ್ಪನ ಮುಖವನ್ನೇ ನೋಡುತ್ತ, ತೂಕಡಿಸುತ್ತಿದ್ದ, ಲಿಂಗ ಕೈಯಿಂದ ಜಾರಿ ಬೀಳುತ್ತಿತ್ತು. ಹೊಡೆಯುತ್ತಿರಲಿಲ್ಲ ಅಪ್ಪ. "ನಿನಗ ಕಣ್ಣ ತೆರದು ಮಲಗೂದು ಬರ್ತದ," ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ಹೊಡೆದಿದ್ದರೆ ಮರೆತಾದರೂ ಹೋಗುತ್ತಿತ್ತು. ಮುಂದಿನ ಕನಸಿನಲ್ಲಿ ಇದು ಕನಸೆಂದು ನನಗೆ ತಿಳಿಯಲಿ, ಮುಂದಿನ ಕನಸಿನಲ್ಲಿ ಇದು ಕನಸೆಂದು ನನಗೆ ತಿಳಿಯಲಿ ಎಂದು ಮನಸ್ಸಿನಲ್ಲೇ ಅನ್ನುತ್ತ ಮತ್ತೆ ಉರುಳಿದ. ಹಿಂದೆ ಒಮ್ಮೆ ತಿಳಿದಿತ್ತು, ಹಿಗ್ಗು ತಡೆಯದೆ ಎಚ್ಚರಾಗಿತ್ತು. ಇನ್ನೊಮ್ಮೆ ತಿಳಿದು, ಹೊಲಕ್ಕೆ ಹೋಗುವ ದಾರಿಯನ್ನು ಹುಡುಕುತ್ತ ತ್ರಿಪುರಾಂತ ಕೆರೆಯ ಸುತ್ತಲೇ ತಿರುಗಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಲು ನಿಂತಿದ್ದರು. ಸೂಪರ್‌ವೈಸರ್ ಪೆನ್ನು ಚಾಚಿ, ಬಿಚ್ಚು ಅಂದ. ಓಂಪ್ರಕಾಶ ನಗಲು ಹೋಗಿ, ರೂಢಿಯಂತೆ ಕರಡಿಗೆ ತೆರೆದು ಅಂಗೈಗೆ ಸುರಿದುಕೊಂಡ. ನುಣ್ಣಗಿತ್ತು. ಕಣ್ಣು ತೆಗೆದು ಮತ್ತೆ ನೋಡಿದ. ನುಣ್ಣಗೇ ಇತ್ತು. ಇದು ಕನಸು. ಗೋಡೆಗಳು ಒಮ್ಮೆ ಅಲುಗಿ ತೆಳ್ಳಗಾದವು. ಅಂಗೈ ಉಜ್ಜಿದ, ಮತ್ತೆ ಗಟ್ಟಿಯಾದವು. ಹಿಗ್ಗಬಾರದು, ಓಡಬಾರದು. ಸೂಪರ್‌ವೈಸರನ ಕೈಯಿಂದ ಪೆನ್ನು ತೆಗೆದುಕೊಂಡು ಅವನ ಜೇಬಿಗೇ ಸಿಕ್ಕಿಸಿ, ಈ ಬಾಗಿಲ ಆಚೆ ಮೋರಖಂಡಿಯ ಹೊಲ ಇದೆ ಎಂದು ತೀರ್ಮಾನಿಸಿ ಬಾಗಿಲು ತಳ್ಳಿದ. ಇತ್ತು. ತೊಗರಿ ಎದೆಮಟ್ಟ ಬೆಳೆದು ಹಳದಿ ಹೂ ಬಿಟ್ಟಿತ್ತು, ಬೋರಿನ ನೀರು ಬೀಳುವ ಸದ್ದಿತ್ತು, ಎಚ್ಚರದಲ್ಲಿ ಎಂದೂ ಕಾಣದಷ್ಟು ಸ್ಪಷ್ಟವಾಗಿ ಪ್ರತಿ ಎಲೆಯ ನರ ಕಾಣುತ್ತಿತ್ತು. ಕುಣಿ ತೆರೆದೇ ಇತ್ತು. ಅಪ್ಪ ಕೂತಿದ್ದ, ಹಣೆ ತುಂಬ ವಿಭೂತಿ, ಕಣ್ಣು ತೆರೆದು. ಓಂಪ್ರಕಾಶ ಕೆಳಗಿಳಿದು ಎದುರಿಗೆ ಕೂತ. ಬೆರಳಿನ ದಾರ ಬಿಡಿಸಲು ಕೈ ಚಾಚಿದರೆ ದಾರ ತಾನೇ ಬಿಚ್ಚಿಕೊಂಡಿತು. ಅಂದು ಮಡಚಲು ಒಲ್ಲದ ಬೆರಳುಗಳು ಮೆತ್ತಗೆ ತೆರೆದವು. ಅಪ್ಪನ ಅಂಗೈ ಬರಿದಾಗಿತ್ತು, ಇಲ್ಲಿ ಅಪ್ಪನ ಲಿಂಗ ಬೇಕು ಅಂದುಕೊಂಡ, ಅದು ಅಲ್ಲಿತ್ತು, ತಗ್ಗು ಸಮೇತ. ಇಷ್ಟು ತಿಂಗಳ ಸಂಕಟ ಇಷ್ಟು ಸುಲಭಕ್ಕೆ ಮುಗಿದದ್ದು ಅವನಿಗೆ ಸರಿ ಬರಲಿಲ್ಲ.

"ಅಪ್ಪಾ, ತಪ್ಪಾತು," ಅಂದ. ಅಪ್ಪ ನೋಡುತ್ತಿದ್ದ. ಬದುಕಿದ್ದಾಗಲೂ ಅಪ್ಪ ಕೇಳಿದ ಕೂಡಲೇ ಉತ್ತರ ಕೊಟ್ಟವನಲ್ಲ, ಕಾಯಿಸುತ್ತಿದ್ದ. ಓಂಪ್ರಕಾಶ ಕಾದ. ಬೋರಿನ ನೀರು ಒಂದೇ ಸಮ ಬೀಳುತ್ತಿತ್ತು. ಅಪ್ಪನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. ತಾನು ಏನನ್ನಾದರೂ ಇಡುವ ತನಕ ಅಲ್ಲಿ ಏನೂ ಇರುವುದಿಲ್ಲ ಎಂದು ಮೆಲ್ಲಗೆ ತಿಳಿಯತೊಡಗಿತು. ಹೋಗಲಿ ಬಿಡು ಅನ್ನಬಾರದೆ ಎಂದು ಅಂದುಕೊಂಡ. "ಹೋಗಲಿ ಬಿಡು," ಅಂದ ಅಪ್ಪ. ದನಿ ಅಪ್ಪನದೇ, ಬಿಡು ಎನ್ನುವಲ್ಲಿ ಸ್ವಲ್ಪ ಎಳೆಯುವ ಅದೇ ರಾಗ. ಆದರೆ ಅದು ಓಂಪ್ರಕಾಶನ ಗಂಟಲಲ್ಲಿ ನಡುಗಿತು. ಅವನು ಬೆದರಿ, ಬೇಡ, ಬೈಯಲಿ ಅಂದುಕೊಂಡ. "ಕಣ್ಣ ತೆರದು ಮಲಗೂದು ಬರ್ತದ ನಿನಗ," ಎಂದು ಅಪ್ಪ ಬೈದ. ಅಳಲಿ ಅಂದುಕೊಂಡ, ಕೆನ್ನೆಯ ವಿಭೂತಿ ಒದ್ದೆಯಾಯಿತು. ಮತ್ತೆ ಹೋಗಲಿ ಬಿಡು ಅನ್ನಿಸಿದ, ಅಪ್ಪ ಅಂದ. ಮತ್ತೂ ಅನ್ನಿಸಿದ, ಅಂದ. ಸ್ವಿಚ್ ಹಾಕಿದರೆ ತಿರುಗುವ ಡ್ರೈಯರಿಗೂ ಈ ಮುದುಕನಿಗೂ ವ್ಯತ್ಯಾಸವಿರಲಿಲ್ಲ. ಕನಸು ಕನಸೆಂದು ತಿಳಿಯದೆ ಇದ್ದಾಗ ಅಪ್ಪ ಅಪ್ಪನಾಗಿ ಬರುತ್ತಿದ್ದ, ಮಾತಾಡದೆ ಬೆನ್ನು ತಿರುಗಿಸುತ್ತಿದ್ದ, ಆ ಬೆನ್ನಾದರೂ ಅಪ್ಪನದಾಗಿತ್ತು. ಇಷ್ಟೆಲ್ಲ ಕಷ್ಟಪಟ್ಟು ಕಲಿತು, ಎಚ್ಚರವಾಗಿ ಬಂದು, ಕುಣಿಯೊಳಗೆ ಅವನು ಒಬ್ಬನೇ ಕೂತಿದ್ದ. ಅವನಿಗೆ ಭಯವಾಯಿತು. ಅಪ್ಪಾ, ಅಪ್ಪಾ ಎಂದು ಕರೆದ. ತಾನು ಓ ಅನ್ನಿಸದ ಹೊರತು ಯಾರೂ ಓ ಅನ್ನಲಿಲ್ಲ.

ಕಣ್ಣು ಬಿಟ್ಟಾಗ ಗಂಟಲು ಒಣಗಿತ್ತು. ಪರದೆಯ ಸಂದಿಯಿಂದ ಇಳಿಬಿಸಿಲು ನೆಲದ ಮೇಲೆ ಬಿದ್ದಿತ್ತು. ಕಾಟಿನ ಪಕ್ಕ, ಬರಿ ನೆಲದ ಮೇಲೆ, ಅವ್ವ ಕೂತಿದ್ದಳು. ಅವಳ ಒಂದು ಕೈ ಅವನ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡಿತ್ತು. ಮುಖ ಅವನು ಎಂದೂ ಕಾಣದ ಹಾಗೆ ಬೆಳಗಿತ್ತು.

"ಮತ್ತೊಮ್ಮೆ ಅನ್ನು," ಅಂದಳು.

"ಏನು?"

"ಈಗ ಅಂದಿಯಲ್ಲ, ಹೋಗಲಿ ಬಿಡು ಅಂತ. ನಿನ್ನ ದನಿ ಅಲ್ಲ ಅದು. ಅವರದು. ಒಲೀ ಮುಂದ ಕುಂತಿದ್ದೆ, ಕೇಳಿ ಎದಿ ಝಲ್ ಅಂತು. ಓಡಿ ಬಂದೆ."

ಅವನು ಎದ್ದು ಕೂತ. ಗಟ್ಟಿಯಾಗಿ ಮಾತಾಡಿದ್ದೇನೆ, ಎಲ್ಲ ಬಯಲಾಗಿದೆ. ಬೆವರು ಕಿತ್ತುಕೊಂಡು ಬಂತು, ಜೊತೆಗೇ ಒಂದು ಬಗೆಯ ಹಗುರವೂ ಆಯಿತು. "ಅವ್ವಾ, ಅವತ್ತ ಕುಣ್ಯಾಗ ಇಟ್ಟ ಲಿಂಗ..." ಎಂದು ತಡವರಿಸಿದ.

"ನಿಂದು. ನನಗ ಗೊತ್ತದ."

ಕೂಲರ್ ಕೊರಗುಟ್ಟುತ್ತಿತ್ತು. ಅವ್ವ ಅವನನ್ನು ನೋಡದೆ, ಕರಡಿಗೆಯನ್ನೇ ನೋಡುತ್ತ ಹೇಳಿದಳು. "ನೀ ಬರೋಬ್ಬರಿನೇ ತಗೊಂಡಿದ್ದಿ. ಜಗಲಿ ಬಾಜೂಕ ನಾ ಕುಂತಿದ್ದೆ. ತಾ ಇಲ್ಲಿ, ವರಸಿ ಕೊಡ್ತೇನಿ ಅಂತ ನಿನ್ನ ಕೈಯಿಂದ ಇಸಗೊಂಡೆ. ಸೆರಗಿನ್ಯಾಗ ವರಸೂ ಹೊತ್ತಿನ್ಯಾಗ ಬದಲಿ ಮಾಡಿ ಕೊಟ್ಟೆ."

ಅವನು ಆ ಬೆಳಗನ್ನು ನೆನಪಿಸಿಕೊಳ್ಳಲು ನೋಡಿದ. ಮಬ್ಬು, ಜಗಲಿ, ಕೈ, ಆಮೇಲೆ ಪಡಸಾಲೆ. ನಡುವೆ ಅವ್ವ ಇರಲಿಲ್ಲ. ಕನಸುಗಳನ್ನು ತುದಿಯಿಂದ ಬುಡದವರೆಗೆ ಹಿಡಿದು ತರಬಲ್ಲ ತಲೆ ಎಚ್ಚರದ ಒಂದು ಗಳಿಗೆಯನ್ನು ತರಲಾರದೆ ಹೋಯಿತು.

"ಯಾಕವ್ವಾ?"

"ಮದುವಿ ಆಗಿ ಬಂದಾಗಿಂದ ದಿನಾ ಅದನ್ನ ನಾನೇ ತೊಳದು ಅವರ ಕೈಯಾಗ ಇಡ್ತಿದ್ದೆ. ನನ್ನ ಮಾರಿ ನೋಡಿ ನಾಕು ಮಾತು ಆಡಿದೋರಲ್ಲ ಅವರು. ಅದನ್ನ ಮಾತ್ರ ನೋಡಿದ್ದೇ ನೋಡಿದ್ದು. ಅವರ ಕೈ ಹತ್ತಿ ಸವದಿದ್ದು ಅದೊಂದೇ ಅದ ಈ ಮನ್ಯಾಗ. ಅದನ್ನೂ ಮಣ್ಣಿಗಿ ಹಾಕಿದ್ರ ನನಗ ಏನು ಉಳೀತು, ಹೇಳು?" ಉಸಿರು ತೆಗೆದುಕೊಂಡಳು. "ನೀ ಡ್ಯೂಟಿಗಿ ಹೋದ ಮ್ಯಾಲ ಕೈಯಾಗ ಹಿಡಕೊಂಡು ಕೂಡ್ತೇನಿ. ಈಗೀಗ ನೀ ಮಲಗೂ ಹೊತ್ತಿನ್ಯಾಗೂ ಬಿಚ್ಚವಲ್ಲಿ."

"ಮತ್ತ ನಂದು?" ಎಂದು ಅವನು ಕೇಳಿದ. ತನ್ನ ದನಿ ಚಿಕ್ಕ ಹುಡುಗನದರಂತೆ ಬಂದದ್ದಕ್ಕೆ ನಾಚಿಕೆಯಾಯಿತು.

"ನಿಂದು ಹಾಂಗೇ ಜಗಲಿ ಮ್ಯಾಲ ಬಿದ್ದಿರ್ತಿತ್ತು." ಅವ್ವನ ಮಾತಿನಲ್ಲಿ ಚುಚ್ಚುವ ಉದ್ದೇಶವೇನೂ ಇರಲಿಲ್ಲ. "ನಿನಗ ತಿಳೀತದ ಅಂತ ಅನ್ನಿಸಿದ್ದಿಲ್ಲ, ತಮ್ಮಾ."

ಅವಳು ಇನ್ನಷ್ಟು ಹತ್ತಿರ ಸರಿದು ಎರಡೂ ಕೈಯಿಂದ ಅವನ ಮೊಣಕಾಲು ಹಿಡಿದಳು. "ಪಾಪ ಮಾಡೀನಿ. ಅವರದು ಅವರಿಗಿ ಕೊಡಲಾರದ ಕಳಿಸೀನಿ. ದಿನಾ ಅದರ ಮುಂದ ಕುಂತು ಬೇಡ್ಕೊಂತೇನಿ, ಒಂದು ಮಾತೂ ಬರಂಗಿಲ್ಲ. ಬದುಕಿದ್ದಾಗ ಹ್ಯಾಂಗ ಸುಮ್ಮ ಕೂಡ್ತಿದ್ರು, ಹಾಂಗೇ. ಇವತ್ತ ನಿನ್ನ ಬಾಯಿಲೆ ಅಂದ್ರು, ಹೋಗಲಿ ಬಿಡು ಅಂತ. ಮತ್ತೇನಂದ್ರು? ನನ್ನ ಹೆಸರು ತಗೊಂಡ್ರೇನು? ಸುಂದರಾ ಅಂತಿದ್ರು ಖುಷಿ ಇದ್ದಾಗ. ಅಂದ್ರೇನು? ಹೇಳೋ ಅಪ್ಪಾ."

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಸುಂದರಾ ಅಂದರು, ಅತ್ತರು, ಹೋಗಲಿ ಬಿಡು ಅಂತ ಎಷ್ಟೋ ಸಲ ಅಂದರು. ಅದರಲ್ಲಿ ಹೆಸರೊಂದೇ ಸುಳ್ಳು, ಮಿಕ್ಕದ್ದೆಲ್ಲ ಅವನ ಕಿವಿಯಾರೆ ಕೇಳಿದ್ದು. ಅವನಿಗೆ ಕಾಸಿಗೂ ಬಾರದ ಆ ಮಾತು ಇವಳ ಕೈಯಲ್ಲಿ ಬಂಗಾರವಾಗುತ್ತಿತ್ತು. ಆದರೆ ಎದೆಯೊಳಗೆ ಏನೋ ಕಲ್ಲಾಗಿ ಕೂತುಬಿಟ್ಟಿತ್ತು. ಇಷ್ಟು ತಿಂಗಳು ಬದುಕಿದ್ದೂ ಕುಣಿಯಲ್ಲಿ ಕೂತದ್ದು, ಹೆಂಡತಿಯ ಪಕ್ಕ ಹೆಣವಾಗಿ ಮಲಗಿದ್ದು, ಮಾಡದ ತಪ್ಪನ್ನು ಮಗುವಿನ ಹಾಗೆ ಸಾಕಿದ್ದು, ಎಲ್ಲ ಒಟ್ಟಿಗೆ ಬಂತು. ತಪ್ಪಾದರೂ ತನ್ನದು ಅಂದುಕೊಂಡಿದ್ದ. ಅದೂ ಅಲ್ಲ. ಇಬ್ಬರಲ್ಲಿ ಯಾರನ್ನು ಮಣ್ಣಿಗೆ ಕಳಿಸಬೇಕು ಎಂದು ಸೆರಗಿನ ಮರೆಯಲ್ಲಿ ಆರಿಸುವಾಗ ಅವಳ ಕೈ ಅನುಮಾನಿಸಿರಲಿಕ್ಕಿಲ್ಲ. ನಿನಗ ತಿಳೀತದ ಅಂತ ಅನ್ನಿಸಿದ್ದಿಲ್ಲ. ಅವಳ ಮುಖ ತೀರ ಹತ್ತಿರವಿತ್ತು, ಕಣ್ಣು ಅವನ ತುಟಿಗಳ ಮೇಲಿದ್ದವು. ಕನಸು ಕೊನೆಯ ಎಲೆಯ ನರದ ತನಕ, ಒದ್ದೆಯಾದ ವಿಭೂತಿಯ ತನಕ, ಕಣ್ಣ ಮುಂದೆ ಹಾಗೇ ನಿಂತಿತ್ತು.

"ನೆನಪಿಲ್ಲವ್ವಾ," ಅಂದ.

"ಜರಾನೂ?"

"ಎದ್ದ ಕೂಡಲೇ ಹೋಗಿಬಿಡ್ತದ. ಕನಸು ಅಂದ್ರ ಹಾಂಗೇ."

ಅವಳು ನಂಬಿದಳು. ಮಗನ ತಲೆಯ ಬಗ್ಗೆ ಅವಳಿಗೆ ಎಂದೂ ದೊಡ್ಡ ಅಭಿಪ್ರಾಯ ಇರಲಿಲ್ಲ. ಮುಖದ ಬೆಳಕು ಸ್ವಲ್ಪ ಇಳಿಯಿತು, ಆದರೆ ಪೂರ್ತಿ ಆರಲಿಲ್ಲ. ಸೆರಗಿನಿಂದ ಅವನ ಕುತ್ತಿಗೆಯ ಬೆವರು ಒರೆಸಿ, ಕರಡಿಗೆಯ ದಾರವನ್ನು ನೆಟ್ಟಗೆ ಮಾಡಿ ಎದೆಯ ನಡುವೆ ಕೂಡಿಸಿದಳು. "ಇರ್ಲಿ, ನೀ ಫಿಕರ್ ಮಾಡಬ್ಯಾಡ. ಬಂದೋರು ಮತ್ತ ಬರ್ತಾರ. ಇನ್ನ ಮ್ಯಾಲ ಬಿಚ್ಚು ಅನ್ನಂಗಿಲ್ಲ, ಹಾಕ್ಕೊಂಡೇ ಮಲಗು. ನಾಳಿಂದ ನೀ ಮಲಗಿದಾಗ ನಾ ಇಲ್ಲೇ ಬಾಜೂಕ ಕುಂತು ಕೇಳ್ತೇನಿ. ಸಪ್ಪಳ ಮಾಡಂಗಿಲ್ಲ," ಅಂದಳು. ಮೊಣಕಾಲಿಗೆ ಕೈಯೂರಿ ಎದ್ದು, ಪಡಸಾಲೆಯಿಂದ ತನ್ನ ಚಾಪೆ ತಂದು ಕಾಟಿಗೆ ತಾಗಿಸಿ ಹಾಸಿದಳು, ಅವನ ತಲೆಯ ಕಡೆಗೆ ತಲೆ ಬರುವ ಹಾಗೆ. ಆಮೇಲೆ ಅವನ ಡಬ್ಬಿಗೆ ರೊಟ್ಟಿ ಬಡಿಯಲು ಒಳಗೆ ಹೋದಳು.